ಜನರೇಟರ್ ಇದೆ, ಸರಿ. ಪಂಪ್ ಎಲ್ಲಿದೆ?

ಆಸ್ಪತ್ರೆಗಳ ವಿಪತ್ತು ಸಿದ್ಧತೆ ನೋಡಲು ಹೋದಾಗ ನಾನು ಮೊದಲು ಕೇಳುವುದು ಕರೆಂಟಿನ ವಿಷಯ. ಆಸ್ಪತ್ರೆ ದೊಡ್ಡದಿರಲಿ, ಚಿಕ್ಕದಿರಲಿ, ಉತ್ತರ ಮಾತ್ರ ಒಂದೇ. ‘ಜನರೇಟರ್ ಇದೆಯಲ್ಲ ಸಾರ್!’ ದನಿಯಲ್ಲಿ ಸಣ್ಣ ಅಸಮಾಧಾನವೂ ಇರುತ್ತದೆ, ಇದನ್ನೂ ಕೇಳಬೇಕಾ ಅನ್ನುವ ಹಾಗೆ.

ಕೇಳಬೇಕು. ನ್ಯೂಯಾರ್ಕಿನ ಬೆಲ್‌ವ್ಯೂ ಆಸ್ಪತ್ರೆಯಲ್ಲೂ ಜನರೇಟರ್ ಇತ್ತು, ಅದೂ 13ನೇ ಮಹಡಿಯಲ್ಲಿ. 2012ರ ಅಕ್ಟೋಬರ್‌ನಲ್ಲಿ ಸ್ಯಾಂಡಿ ಚಂಡಮಾರುತ ಬಂದಾಗ ಉಕ್ಕಿದ ನೀರು ನೆಲಮಾಳಿಗೆಗೆ ನುಗ್ಗಿತು. ಡೀಸೆಲ್ಲನ್ನು ಮೇಲಕ್ಕೆ ಹತ್ತಿಸುವ ಪಂಪುಗಳಿದ್ದದ್ದು ಅಲ್ಲೇ. ಮೇಲಿನ ಯಂತ್ರಕ್ಕೆ ಏನೂ ಆಗಿರಲಿಲ್ಲ, ಆದರೆ ಅದಕ್ಕೆ ಬೇಕಾದ ಎಣ್ಣೆ ಕೆಳಗೇ ಉಳಿಯಿತು. ಸಿಬ್ಬಂದಿಯೂ ನ್ಯಾಷನಲ್ ಗಾರ್ಡ್ ಯೋಧರೂ ಮೆಟ್ಟಿಲುಗಳ ಮೇಲೆ ಸಾಲಾಗಿ ನಿಂತು, ಕೈಯಿಂದ ಕೈಗೆ ಡೀಸೆಲ್ ದಾಟಿಸಿದರು. ಕೊನೆಗೂ ಸುಮಾರು 700 ರೋಗಿಗಳನ್ನು ಬೇರೆ ಆಸ್ಪತ್ರೆಗಳಿಗೆ ಸಾಗಿಸಬೇಕಾಯಿತು. ಕಟ್ಟಡ ಬಿದ್ದಿರಲಿಲ್ಲ, ಜನರೇಟರ್ ಕೆಟ್ಟಿರಲಿಲ್ಲ. ಆಸ್ಪತ್ರೆ ಮಾತ್ರ ನಿಂತುಹೋಗಿತ್ತು.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಸಹಿಸಿಕೊಳ್ಳಿ. ಎಷ್ಟು ಸಲ ಹೇಳಿದರೂ ಸಭೆಯಲ್ಲಿ ತಲೆಯಾಡಿಸಿ ಆಮೇಲೆ ಮರೆಯುವ ವಿಷಯ ಇದು. ಜನರೇಟರ್ ಅಂದರೆ ಶೆಡ್ಡಿನಲ್ಲಿ ಕೂತಿರುವ ಆ ದೊಡ್ಡ ಯಂತ್ರ ಅಷ್ಟೇ ಅಲ್ಲ. ಅದನ್ನು ಎಬ್ಬಿಸಲು ಒಂದು ಬ್ಯಾಟರಿ ಬೇಕು. ಆ ಬ್ಯಾಟರಿಗೆ ಚಾರ್ಜರ್ ಬೇಕು. ಡೀಸೆಲ್ ಟ್ಯಾಂಕಿನಿಂದ ಎಂಜಿನ್ನಿಗೆ ಎಣ್ಣೆ ತರುವ ಪಂಪ್ ಬೇಕು, ಆ ಪಂಪಿಗೂ ಕರೆಂಟ್ ಬೇಕು. ಅದು ಯಾವ ಲೈನಿನಿಂದ ಬರುತ್ತದೆ? ಹೊರಗಿನ ಲೈನಿಗೆ ಮಾತ್ರ ಜೋಡಿಸಿದ್ದರೆ, ಹೊರಗೆ ಕರೆಂಟ್ ಹೋದ ಕ್ಷಣವೇ ಪಂಪೂ ನಿಂತಿತು. ಎಂಜಿನ್ ಪಕ್ಕದ ಸಣ್ಣ ಟ್ಯಾಂಕಿನಲ್ಲಿ ಎಣ್ಣೆ ಇರುವಷ್ಟು ಹೊತ್ತು ಓಡಿ ಎಂಜಿನ್ ಆಫ್. ಆಮೇಲೆ ಚೇಂಜ್‌ಓವರ್ ಪ್ಯಾನಲ್, ಅಂದರೆ ಆಸ್ಪತ್ರೆಯನ್ನು ಹೊರಗಿನ ಲೈನಿನಿಂದ ಜನರೇಟರಿಗೆ ಬದಲಿಸುವ ಪೆಟ್ಟಿಗೆ. ಅದು ನೆಲಮಾಳಿಗೆಯಲ್ಲಿದ್ದರೆ, ಜನರೇಟರನ್ನು ಹಿಮಾಲಯದ ಮೇಲೆ ಇಟ್ಟರೂ ವಾರ್ಡಿಗೆ ಕರೆಂಟ್ ಬರುವುದಿಲ್ಲ. ಬಾವಿ ತುಂಬ ನೀರಿದ್ದು ಹಗ್ಗ ಒಂದು ಮೊಳ ಕಡಿಮೆಯಾದ ಹಾಗೆ.

ಹೀಗೆ ಹೇಳಿದ ತಕ್ಷಣ ಯಾರೋ ಒಬ್ಬರು ಉತ್ಸಾಹದಿಂದ, ‘ಹಾಗಾದ್ರೆ ಎಲ್ಲಾನೂ ತಾರಸಿಗೆ ಸಾಗಿಸಿಬಿಡೋಣ’ ಅನ್ನುತ್ತಾರೆ. ಸ್ವಲ್ಪ ತಡೀರಿ. ಪ್ರವಾಹವೊಂದೇ ಭಯವಾದರೆ ಸರಿ. ಭೂಕಂಪವೂ ಆಗುವ ಜಾಗವಾದರೆ, ಸಾಮಾನ್ಯವಾಗಿ ಮೇಲೆ ಹೋದಷ್ಟೂ ಅಲುಗಾಟ ಜಾಸ್ತಿ. ಅಲ್ಲಿ ಸ್ಪ್ರಿಂಗಿನ ಮೇಲೆ ಕೂರಿಸಿದ ಯಂತ್ರವನ್ನು ಸರಿಯಾಗಿ ಬಿಗಿಯದೇ ಇದ್ದರೆ ಅದು ಜಾಗ ಬಿಟ್ಟು ಕದಲುತ್ತದೆ, ಪೈಪ್ ಕಿತ್ತುಕೊಳ್ಳುತ್ತದೆ. ಸ್ಟ್ಯಾಂಡಿನ ಮೇಲೆ ಸುಮ್ನೆ ಇಟ್ಟ ಬ್ಯಾಟರಿ ಉರುಳಿ ಬೀಳುತ್ತದೆ. ಬ್ಯಾಟರಿಗೆ ಒಂದು ಬೆಲ್ಟ್ ಕಟ್ಟಿಸೋದಕ್ಕೆ ಎಷ್ಟು ಖರ್ಚು ಹೇಳಿ? ಆದರೂ ಕಟ್ಟಿರುವುದಿಲ್ಲ. ನಿಮ್ಮ ಜಾಗದ ಅಪಾಯ ಯಾವುದು ಎಂದು ಗೊತ್ತಾಗದೆ ಯಾವುದನ್ನು ಎಲ್ಲಿ ಇಡಬೇಕು ಎಂದು ನಾನು ಇಲ್ಲಿ ಕೂತು ಹೇಳಲಾರೆ.

ಈಗ ಆಸ್ಪತ್ರೆಗಳನ್ನು ವಿಪತ್ತಿಗೆ ಸಿದ್ಧ ಮಾಡುವ ರಾಷ್ಟ್ರೀಯ ಯೋಜನೆಯ ವಿಷಯಕ್ಕೆ ಬರುತ್ತೇನೆ. ದೇಶದ ಎಲ್ಲ ಆಸ್ಪತ್ರೆಗಳನ್ನು ಒಟ್ಟಿಗೆ ಗಟ್ಟಿ ಮಾಡುವಷ್ಟು ದುಡ್ಡು ಯಾವ ಸರ್ಕಾರದ ಬಳಿಯೂ ಇರುವುದಿಲ್ಲ. ಯಾವುದು ಮೊದಲು, ಯಾವುದು ಆಮೇಲೆ ಎಂದು ವಿಂಗಡಿಸಲೇಬೇಕು. ಅದಕ್ಕಾಗಿಯೇ ಪ್ಯಾನ್ ಅಮೆರಿಕನ್ ಆರೋಗ್ಯ ಸಂಸ್ಥೆ 2008ರಲ್ಲಿ ಆಸ್ಪತ್ರೆ ಸುರಕ್ಷತಾ ಸೂಚ್ಯಂಕವನ್ನು ತಂದಿತು. 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಪರಿಷ್ಕರಿಸಿತು. 151 ಅಂಶಗಳನ್ನು ನೋಡಿ, ಅಂಕ ಹಾಕಿ, ಆಸ್ಪತ್ರೆಯನ್ನು ಎ, ಬಿ, ಸಿ ಎಂದು ವಿಂಗಡಿಸುತ್ತಾರೆ. ಒಳ್ಳೆಯ ಸಾಧನ, ನಾನೂ ಬಳಸುತ್ತೇನೆ. ಡೀಸೆಲ್ ಎಷ್ಟು ಗಂಟೆಗೆ ಸಾಕು, ಜನರೇಟರನ್ನು ಪರೀಕ್ಷೆ ಮಾಡುತ್ತೀರಾ ಎಂದೆಲ್ಲ ಅದು ಸರಿಯಾಗಿಯೇ ಕೇಳುತ್ತದೆ.

ತೊಂದರೆ ಶುರುವಾಗುವುದು ಆ ಕಡತ ರಾಜಧಾನಿ ತಲುಪಿದ ಮೇಲೆ. ಅಲ್ಲಿ ಉಳಿಯುವುದು ಒಂದು ಅಕ್ಷರ ಮಾತ್ರ. ಕಟ್ಟಡಕ್ಕೆ ಒಳ್ಳೆಯ ಅಂಕ, ಆಡಳಿತಕ್ಕೆ ಒಳ್ಳೆಯ ಅಂಕ, ಪಂಪಿಗೆ ಕೆಟ್ಟ ಅಂಕ. ಎಲ್ಲ ಕೂಡಿಸಿ ಸರಾಸರಿ ತೆಗೆದರೆ ಆಸ್ಪತ್ರೆ ‘ಎ’. ನೀರು ನುಗ್ಗಿದ ದಿನ ಪಂಪ್ ಸರಾಸರಿ ಲೆಕ್ಕ ನೋಡಿಕೊಂಡು ಓಡುತ್ತದಾ?

ಇದು ಕರೆಂಟಿಗೆ ಮಾತ್ರ ಅಂದುಕೊಳ್ಳಬೇಡಿ. ಕ್ಯಾಲಿಫೋರ್ನಿಯಾದ ಆಲಿವ್ ವ್ಯೂ ಆಸ್ಪತ್ರೆ 1971ರ ಭೂಕಂಪದಲ್ಲಿ ಹಾಳಾಯಿತು, ಆಗ ಅದು ಹೊಸ ಕಟ್ಟಡ. ಕೆಡವಿ, ಉಕ್ಕಿನ ಗೋಡೆಗಳನ್ನು ಹಾಕಿ ಭದ್ರವಾಗಿ ಮತ್ತೆ ಕಟ್ಟಿದರು. 1994ರಲ್ಲಿ ಮತ್ತೆ ಭೂಕಂಪವಾಯಿತು. ಕಟ್ಟಡ ಗಟ್ಟಿಯಾಗಿ ನಿಂತಿತು. ಆದರೆ ಒಳಗಿನ, ಬೆಂಕಿ ಆರಿಸುವ ಸ್ಪ್ರಿಂಕ್ಲರ್ ಮತ್ತು ತಣ್ಣೀರಿನ ಪೈಪುಗಳು ಒಡೆದು ನೀರು ಸುರಿದು, ರೋಗಿಗಳನ್ನು ಹೊರಗೆ ಸಾಗಿಸಬೇಕಾಯಿತು.

ನೀರಿನ ಲೆಕ್ಕವೂ ಇದೇ ಜಾತಿಯದು. ಸೂಚ್ಯಂಕದ ಪ್ರಕಾರ ಒಂದು ಹಾಸಿಗೆಗೆ ದಿನಕ್ಕೆ 300 ಲೀಟರ್, ಹೀಗೆ 72 ಗಂಟೆಗೆ ಸಾಕಾಗುವಷ್ಟು ಸಂಗ್ರಹ ಇರಬೇಕು. 200 ಹಾಸಿಗೆಯ ಆಸ್ಪತ್ರೆಗೆ 1,80,000 ಲೀಟರ್ ಆಯಿತು. ಸಂಪಿನಲ್ಲಿ ಅಷ್ಟು ನೀರಿದೆ ಎಂದು ಖುಷಿಯಿಂದ ತೋರಿಸುತ್ತಾರೆ. ಮೇಲಕ್ಕೆ ಎತ್ತುವ ಮೋಟಾರು ಜನರೇಟರ್ ಲೈನಿನಲ್ಲಿ ಇದೆಯೇ ಎಂದರೆ ಒಬ್ಬರ ಮುಖ ಒಬ್ಬರು ನೋಡುತ್ತಾರೆ.

ಒಂದು ಆಸ್ಪತ್ರೆಯಲ್ಲಿ ಆ ಪ್ರಶ್ನೆಗೆ ಉತ್ತರ ಕೊಟ್ಟವರು ಬಾಗಿಲ ಹತ್ತಿರ ನಿಂತಿದ್ದ ಎಲೆಕ್ಟ್ರಿಷಿಯನ್. ‘ಇಲ್ಲ ಸಾರ್, ಆ ಮೋಟಾರು ಮೇನ್ ಲೈನಿಗೆ ಮಾತ್ರ. ಐಸಿಯು ಎ.ಸಿ. ಜಾಸ್ತಿ ಮಾಡಿದಾಗ ಲೋಡ್ ತಡೀಲಿಲ್ಲ ಅಂತ ಬಿಚ್ಚಿ ಆ ಕಡೆ ಹಾಕಿದ್ವಿ.’ ಸೂಪರಿಂಟೆಂಡೆಂಟರು ತಿರುಗಿ, ‘ಇದನ್ನ ಯಾಕ್ರೀ ಹೇಳಲಿಲ್ಲ?’ ಎಂದರು. ‘ಯಾರೂ ಕೇಳಲಿಲ್ಲವಲ್ಲ ಸಾರ್.’ ಅವರ ಜೇಬಿನಲ್ಲಿ ನಾಲ್ಕಾಗಿ ಮಡಚಿದ ಒಂದು ಹಾಳೆ ಇತ್ತು. ಯಾವ ಬ್ರೇಕರ್ ಯಾವ ವಾರ್ಡಿನದು ಎಂದು ಪೆನ್ಸಿಲಿನಲ್ಲಿ ಬರೆದಿಟ್ಟಿದ್ದರು. ಮಡಿಕೆಯ ಜಾಗದಲ್ಲಿ ಅಕ್ಷರ ಅಳಿಸಿತ್ತು, ಅಲ್ಲಿ ಮತ್ತೆ ಪೆನ್ನಿನಲ್ಲಿ ತಿದ್ದಿದ್ದರು. ಆ ಆಸ್ಪತ್ರೆಯ ನಿಜವಾದ ವಿದ್ಯುತ್ ನಕ್ಷೆ ಅದೊಂದೇ. ಕಚೇರಿಯಲ್ಲಿ ಫ್ರೇಮು ಹಾಕಿದ ನಕ್ಷೆ ಯಾವಾಗಲೋ ಹಳೆಯದಾಗಿತ್ತು. ಇಂಥವರನ್ನು ವರ್ಷದ ಗುತ್ತಿಗೆಯ ಮೇಲೆ ಇಟ್ಟುಕೊಂಡು, ಗುತ್ತಿಗೆ ಮುಗಿದ ದಿನ ಮನೆಗೆ ಕಳಿಸುತ್ತೇವೆ. ಯಂತ್ರ ಕೊಳ್ಳಲು ಅನುದಾನ ಸಿಗುತ್ತದೆ, ನೋಡಿಕೊಳ್ಳುವವರಿಗೆ ಸಿಗುವುದಿಲ್ಲ.

ಹೊಸ ಆಸ್ಪತ್ರೆ ಕಟ್ಟುವಾಗಲೇ ಇದೆಲ್ಲ ಯೋಚಿಸಿದರೆ ಹೆಚ್ಚುವರಿ ಖರ್ಚು ಒಟ್ಟು ಹೂಡಿಕೆಯ ಶೇ. 4ಕ್ಕಿಂತ ಕಡಿಮೆ ಎಂದು ಪ್ಯಾನ್ ಅಮೆರಿಕನ್ ಸಂಸ್ಥೆ ಮೊದಲಿಂದ ಹೇಳುತ್ತಾ ಬಂದಿದೆ. ಹಳೆಯ ಕಟ್ಟಡದ ಲೆಕ್ಕ ಬೇರೆ. ಅದು ಜಾಗ ನೋಡದೆ ಹೇಳುವಂಥದ್ದಲ್ಲ.

ಯೋಜನೆ ಬರೆಯುವವರಲ್ಲಿ ನಾನು ಕೇಳುವುದು ಇಷ್ಟೇ. ನಿಮ್ಮ ನಮೂನೆಯಲ್ಲಿ ‘ಜನರೇಟರ್ ಇದೆಯೇ? ಹೌದು/ಇಲ್ಲ’ ಎಂಬ ಸಾಲನ್ನು ತೆಗೆದುಹಾಕಿ. ಆ ಜಾಗದಲ್ಲಿ ಟ್ಯಾಂಕ್, ಪಂಪ್, ಪ್ಯಾನಲ್ ಈ ಮೂರರಲ್ಲಿ ತೀರಾ ಕೆಳಗಿರುವುದು ಪ್ರವಾಹದ ಮಟ್ಟಕ್ಕಿಂತ ಎಷ್ಟು ಮೇಲಿದೆ ಎಂದು ಕೇಳಿ. ಕೊನೆಯ ಸಲ ಲೋಡ್ ಹಾಕಿ ಓಡಿಸಿದ ದಿನಾಂಕ ಕೇಳಿ. ತುರ್ತು ಜನರೇಟರುಗಳಿಗಾಗಿ ಅಮೆರಿಕದಲ್ಲಿರುವ ಎನ್‌ಎಫ್‌ಪಿಎ 110 ನಿಯಮದಲ್ಲಿ ತಿಂಗಳಿಗೊಮ್ಮೆ 30 ನಿಮಿಷ, ಸಾಮಾನ್ಯವಾಗಿ ಯಂತ್ರದ ಸಾಮರ್ಥ್ಯದ ಕನಿಷ್ಠ ಶೇ. 30ರಷ್ಟು ಲೋಡಿನಲ್ಲಿ ಓಡಿಸಬೇಕು. ಲೋಡಿಲ್ಲದೆ ಐದು ನಿಮಿಷ ಗುರ್ರೆನ್ನಿಸಿ ರಿಜಿಸ್ಟರಿನಲ್ಲಿ ‘ಓಕೆ’ ಬರೆಯುವುದು ಪರೀಕ್ಷೆಯಲ್ಲ. ಪದೇ ಪದೇ ಹಾಗೆ ಮಾಡಿದರೆ ಸುಡದ ಎಣ್ಣೆ, ಮಸಿ ಕಟ್ಟಿಕೊಂಡು ಎಂಜಿನ್ನಿಗೇ ಕೇಡು.

ಹಾಗಂತ ಇದನ್ನು ಓದಿ ನಾಳೆ ಬೆಳಿಗ್ಗೆ ಮೇನ್ ಸ್ವಿಚ್ ಎಳೆಯಬೇಡಿ! ಮೊದಲು ಐಸಿಯು, ಆಪರೇಷನ್ ಥಿಯೇಟರ್, ಡಯಾಲಿಸಿಸ್ ಮೂವರಿಗೂ ಲಿಖಿತವಾಗಿ ತಿಳಿಸಿ. ಒಬ್ಬೊಬ್ಬ ರೋಗಿಯ ವೆಂಟಿಲೇಟರಿನ ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ ಎಂದು ನೋಡಿ, ಹಾಸಿಗೆ ಪಕ್ಕದಲ್ಲಿ ಕೈಯಿಂದ ಒತ್ತಿ ಉಸಿರು ಕೊಡುವ ಅಂಬು ಬ್ಯಾಗ್ ಇಡಿ. ಒಂದೊಂದೇ ವಿಭಾಗವಾಗಿ ಮಾಡಿ. ಆ ಎಲೆಕ್ಟ್ರಿಷಿಯನ್ ರಜೆಯಲ್ಲಿದ್ದರೆ, ಅವರು ಬರುವ ತನಕ ಕಾಯಿರಿ.