ಭಾವನ ಕಾರಿಗೆ ಎಷ್ಟು ಪಾಲಿಶ್ ಸಾಕು?

ನೆಂಟರ ಕಾರಿಗೆ ಪಾಲಿಶಿಂಗ್ ಮೆಷಿನ್ ಹಚ್ಚುವ ಮುನ್ನ ಒಂದು ಪ್ರಶ್ನೆ ಕೇಳಲೇಬೇಕು: ನಾಳೆ ಬೆಳಗ್ಗೆಯಿಂದ ಆ ಕಾರನ್ನು ಒರೆಸುವವರು ಯಾರು? ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಬಹುಪಾಲು ಕಾರುಗಳನ್ನು ತಿಂಗಳ ಲೆಕ್ಕದಲ್ಲಿ ಯಾರೋ ಒಬ್ಬರು ಒರೆಸುತ್ತಾರೆ. ಒಂದು ಬಕೆಟ್ ನೀರು, ಒಂದೇ ಬಟ್ಟೆ, ಹತ್ತಾರು ಕಾರು. ಮೊದಲ ಕಾರಿನ ಚಕ್ರದಲ್ಲಿದ್ದ ಮರಳು ಕೊನೆಯ ಕಾರಿನ ಬಾನೆಟ್ ಮೇಲೆ ಓಡಾಡುತ್ತದೆ. ಬಿಸಿಲಿಗೆ ಹಿಡಿದಾಗ ಜೇಡರ ಬಲೆಯ ಹಾಗೆ ಕಾಣುವ ಸುತ್ತು ಗೀರುಗಳು ಬರುವುದು ಅಲ್ಲಿಂದಲೇ. ಆ ಬಟ್ಟೆ ಬದಲಾಗದಿದ್ದರೆ ನೀವು ಎರಡು ದಿನ ಬೆವರು ಸುರಿಸಿ ತೆಗೆದ ಗೀರುಗಳು ಕೆಲವೇ ವಾರದಲ್ಲಿ ವಾಪಸ್.

ಅದಕ್ಕಿಂತ ದೊಡ್ಡ ವಿಷಯ ಬಣ್ಣದ ದಪ್ಪ. ಫ್ಯಾಕ್ಟರಿ ಬಣ್ಣ ಪ್ರೈಮರ್ ಸೇರಿ ಸಾಮಾನ್ಯವಾಗಿ ಸುಮಾರು 100ರಿಂದ 140 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಪಾಲು ಒಂದು ಮೈಕ್ರಾನ್) ಇರುತ್ತದೆ. ಅದರಲ್ಲಿ ಮೇಲಿನ ಪಾರದರ್ಶಕ ಪದರ, ಅಂದರೆ ಕ್ಲಿಯರ್ ಕೋಟ್, 35ರಿಂದ 50 ಮಾತ್ರ. ಗೀರು ತೆಗೆಯುವುದೆಂದರೆ ಆ ಪದರವನ್ನೇ ಸವೆಸುವುದು. ಇನ್ನು ಕುಟುಂಬದ ಕಾರು ಎಂದರೆ ಎಲ್ಲೋ ಒಂದು ಕಡೆ ಗೇಟಿಗೆ ಉಜ್ಜಿ, ಟಿಂಕರಿಂಗ್ ಗ್ಯಾರೇಜಿನಲ್ಲಿ ಬಣ್ಣ ಹೊಡೆಸಿಕೊಂಡು ಬಂದಿರುವುದೇ ಹೆಚ್ಚು. ಬಣ್ಣದ ದಪ್ಪ ಅಳೆಯುವ ಪೇಂಟ್ ಗೇಜ್ ಇಟ್ಟು ನೋಡಿ. 200 ದಾಟಿದರೆ ಮರುಬಣ್ಣ. 500 ದಾಟಿದರೆ ಒಳಗೆ ತಗ್ಗು ತುಂಬುವ ಪುಟ್ಟಿ ಮೆತ್ತಿದ್ದಾರೆ. ಅಂಥ ಪ್ಯಾನೆಲ್ ಮೇಲೆ ಕಾಂಪೌಂಡ್ (ಗೀರು ಸವೆಸುವ ತರಿ ಪೇಸ್ಟ್) ಹಾಕಬೇಡಿ. ಮೆತ್ತನೆಯ ಬಣ್ಣ ಬಿಸಿಗೆ ಎದ್ದು ಬಂದರೆ ಖರ್ಚು ಯಾರದ್ದು ಎಂಬ ಮಾತು ಮುಂದಿನ ಮದುವೆ ಮನೆಯವರೆಗೂ ನಡೆಯುತ್ತದೆ. ಆದ್ದರಿಂದ ಉಪಕಾರಕ್ಕೆ ಮಾಡಿಕೊಡುವ ಕೆಲಸದ ಮಿತಿ ಹೀಗಿರಲಿ: ಚೆನ್ನಾಗಿ ತೊಳೆಯುವುದು, ಅಂಟಿದ್ದನ್ನು ಬಿಡಿಸುವುದು, ಒಂದು ರಕ್ಷಣೆಯ ಪದರ (ವ್ಯಾಕ್ಸ್ ಅಥವಾ ಸೀಲಂಟ್) ಹಚ್ಚುವುದು. ಹೊಳಪು ತೀರಾ ಸತ್ತಿದ್ದರೆ ಮೃದು ಫೋಮ್ ಪ್ಯಾಡಿನಲ್ಲಿ ಫಿನಿಶಿಂಗ್ ಪಾಲಿಶ್ ಒಂದೇ ಸುತ್ತು. ಕಾರು ಪಡೆಯುವಾಗಲೇ ಇದನ್ನು ಹೇಳಿ, ಮೊದಲೇ ಇರುವ ಗೀರುಗಳ ಫೋಟೊವನ್ನು ಮಾಲೀಕರ ಎದುರೇ ತೆಗೆದುಬಿಡಿ. ಇದರಲ್ಲಿ ಸಂಕೋಚ ಬೇಡ.

ಈಗ ನೀರಿನ ಮಾತು. 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ಕುಡಿಯುವ ನೀರಿನಲ್ಲಿ ವಾಹನ ತೊಳೆಯುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ಗೊತ್ತುಮಾಡಿತು. ಆಗಿನಿಂದ ಅನೇಕ ಮನೆಗಳಲ್ಲಿ ಆರ್‌ಒ ಯಂತ್ರ ಹೊರಗೆ ಬಿಡುವ ನೀರನ್ನು ಹಿಡಿದಿಟ್ಟು ಕಾರಿಗೆ ಬಳಸುತ್ತಾರೆ. ಒಳ್ಳೆಯ ಅಭ್ಯಾಸ, ಆದರೆ ಚಕ್ರಕ್ಕೆ ಮತ್ತು ಮೊದಲ ಕೆಸರು ಇಳಿಸುವುದಕ್ಕೆ ಮಾತ್ರ. ಬೋರ್‌ವೆಲ್ ನೀರಿನ ಲವಣವೆಲ್ಲ ಸೇರಿ ಗಟ್ಟಿಯಾಗಿರುವ ನೀರು ಅದು. ಬಾನೆಟ್ ಮೇಲೆ ಒಣಗಿದರೆ ಬಿಳಿ ಚುಕ್ಕೆಗಳು ಕೂತುಬಿಡುತ್ತವೆ. ಸಾಫ್ಟ್‌ನರ್ ನೀರು ಇದಕ್ಕಿಂತ ವಾಸಿ. ಸಾಫ್ಟ್‌ನರ್ ಲವಣವನ್ನು ಕಡಿಮೆ ಮಾಡುವುದಿಲ್ಲ, ಕ್ಯಾಲ್ಸಿಯಂ ಜಾಗಕ್ಕೆ ಸೋಡಿಯಂ ತರುತ್ತದೆ ಅಷ್ಟೆ. ಹಾಗಾಗಿ ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ ಅಂಕಿ ಇಳಿಯದಿದ್ದರೂ ಕಲೆ ಒದ್ದೆ ಬಟ್ಟೆಗೆ ಬಂದುಬಿಡುತ್ತದೆ. ಕೊನೆಯ ಒರೆಸುವಿಕೆಗೆ ಮನೆಯ ಎಸಿಯಿಂದ ತೊಟ್ಟಿಕ್ಕುವ ನೀರನ್ನು ಬಟ್ಟೆಯಲ್ಲಿ ಸೋಸಿ ಇಟ್ಟುಕೊಳ್ಳಿ. ಅದರಲ್ಲಿ ಲವಣ ಇಲ್ಲವೆಂದೇ ಹೇಳಬಹುದು.

ನೀರು ಉಳಿಸಬೇಕಾದ ಊರಿಗೆ ಒಪ್ಪುವುದು ರಿನ್ಸ್‌ಲೆಸ್ ವಾಶ್, ಅಂದರೆ ಒರೆಸಿದ ಮೇಲೆ ಮತ್ತೆ ನೀರು ಹಾಕಿ ತೊಳೆಯಬೇಕಿಲ್ಲದ ದ್ರಾವಣ. 10 ಲೀಟರ್ ನೀರಿಗೆ ಸುಮಾರು 40 ಮಿ.ಲೀ., ಅಂದರೆ 256ಕ್ಕೆ ಒಂದು ಪಾಲು. ಡಬ್ಬಿಯ ಮೇಲೆ ಬೇರೆ ಅಳತೆ ಇದ್ದರೆ ಅದೇ ಸರಿ. ಜಾಸ್ತಿ ಹಾಕಿದರೆ ಜಾಸ್ತಿ ಶುಭ್ರವಾಗುವುದಿಲ್ಲ, ಗೆರೆ ಬೀಳುತ್ತದೆ. ಮೊದಲು ಪಂಪ್ ಸ್ಪ್ರೇಯರಿನಲ್ಲಿ ಇದೇ ದ್ರಾವಣವನ್ನು ಪ್ಯಾನೆಲ್ ಮೇಲೆ ಸಿಂಪಡಿಸಿ ಎರಡು ನಿಮಿಷ ಬಿಡಿ. ಎಂಟು ಹತ್ತು ಮೈಕ್ರೊಫೈಬರ್ ಬಟ್ಟೆಗಳನ್ನು ಬಕೆಟ್ಟಿನಲ್ಲೇ ನೆನೆಹಾಕಿ. ಒಂದನ್ನು ನಾಲ್ಕಾಗಿ ಮಡಿಸಿ, ಒಂದು ಮಡಿಕೆಯಲ್ಲಿ ಒಂದೇ ಸಲ, ಒಂದೇ ದಿಕ್ಕಿಗೆ, ಒತ್ತದೆ ಎಳೆಯಿರಿ. ಕೊಳೆಯಾದ ಬಟ್ಟೆ ಮತ್ತೆ ಬಕೆಟ್ಟಿಗೆ ಹೋಗಬಾರದು. ಇಡೀ ವಿಧಾನ ನಿಂತಿರುವುದೇ ಈ ನಿಯಮದ ಮೇಲೆ. ಚಕ್ರಕ್ಕೆ ಬೇರೆ ಬಕೆಟ್, ಬೇರೆ ಬಟ್ಟೆ. ಮಳೆಗಾಲದಲ್ಲಿ ಹಳ್ಳಿಗೆ ಹೋಗಿ ಕೆಸರು ಮೆತ್ತಿಕೊಂಡು ಬಂದ ಕಾರಿಗೆ ಮಾತ್ರ ಈ ವಿಧಾನ ಆಗುವುದಿಲ್ಲ. ಮೊದಲು ನೀರು ಹೊಡೆದು ಮಣ್ಣು ಇಳಿಸಲೇಬೇಕು.

ತೊಳೆದ ಮೇಲೆ ತೆಳು ಪಾಲಿಥೀನ್ ಕವರಿನೊಳಗೆ ಕೈ ಹಾಕಿ ಬಾನೆಟ್ ಸವರಿ ನೋಡಿ. ತರಿತರಿ ಎನಿಸಿದರೆ ಏನೋ ಕಚ್ಚಿಕೊಂಡಿದೆ ಎಂದರ್ಥ. ಬ್ರೇಕ್ ಧೂಳಾಗಲಿ, ಮೆಟ್ರೊ ಕಾಮಗಾರಿಯ ಪಕ್ಕ ನಿಂತ ಕಾರಿನ ಮೇಲೆ ಕೂತ ಗ್ರೈಂಡರ್ ಕಿಡಿಯ ಪುಡಿಯಾಗಲಿ, ಕಬ್ಬಿಣದ ಕಣ ಕರಗಿಸುವ ಐರನ್ ರಿಮೂವರ್ ಸಿಂಪಡಿಸಿದರೆ ಮೂರು ನಾಲ್ಕು ನಿಮಿಷದಲ್ಲಿ ನೇರಳೆ ಬಣ್ಣಕ್ಕೆ ತಿರುಗಿ ಇಳಿಯುತ್ತದೆ. ಒಣಗಲು ಬಿಡಬಾರದು, ಬಿಸಿ ಪ್ಯಾನೆಲ್ ಮೇಲೆ ಹಾಕಲೂಬಾರದು. ವಾಸನೆ ಕೊಳೆತ ಮೊಟ್ಟೆಯದು, ಮೊದಲೇ ಅತ್ತಿಗೆಗೆ ತಿಳಿಸಿ ಕಿಟಕಿ ಮುಚ್ಚಿಸಿ. ಉಳಿದಿದ್ದಕ್ಕೆ ಕ್ಲೇ, ಅಂದರೆ ಬಣ್ಣದ ಮೇಲೆ ಜಾರಿಸಿ ಕೊಳೆ ಎತ್ತುವ ಮೆತ್ತನೆಯ ಉಂಡೆ. ಜಾರಿಕೆಗೆ ಅದೇ ರಿನ್ಸ್‌ಲೆಸ್ ದ್ರಾವಣ, ಲೀಟರಿಗೆ 15 ಮಿ.ಲೀ. ಕ್ಲೇ ಕೆಳಗೆ ಬಿತ್ತೋ, ಅಲ್ಲಿಗೆ ಅದರ ಆಯುಷ್ಯ ಮುಗಿಯಿತು. ಒರೆಸಿ ಮತ್ತೆ ಬಳಸಿದರೆ ಅದು ಉಪ್ಪುಕಾಗದವೇ.

ಬೇಸ್‌ಮೆಂಟಿನಲ್ಲಿ ನಿಲ್ಲುವ ಕಾರುಗಳ ವಿಶೇಷ ಕಾಯಿಲೆ ಸುಣ್ಣದ ಹನಿ. ಸ್ಲ್ಯಾಬಿನ ಬಿರುಕಿನಿಂದ ಜಿನುಗುವ ನೀರು ಕಾಂಕ್ರೀಟಿನ ಸುಣ್ಣವನ್ನು ಕರಗಿಸಿ ತಂದು ಸುರಿಸುತ್ತದೆ. ಅದು ಕ್ಷಾರ, ಒಣಗಿದರೆ ಕಲ್ಲು, ತುಂಬಾ ದಿನ ಬಿಟ್ಟರೆ ಕ್ಲಿಯರ್ ಕೋಟನ್ನೇ ತಿನ್ನುತ್ತದೆ. ಉಗುರಿನಿಂದ ಕೆರೆಯಬೇಡಿ, ಬಾತ್‌ರೂಮ್ ಆಸಿಡ್ ಕಡೆ ಕೈ ಹಾಕಲೇಬೇಡಿ. ಬಿಳಿ ವಿನೆಗರಿಗೆ ಅಷ್ಟೇ ನೀರು ಬೆರೆಸಿ, ಟಿಶ್ಯೂ ನೆನೆಸಿ ಕಲೆಯ ಮೇಲೆ ಐದು ನಿಮಿಷ ಹೊದಿಸಿ. ಸಣ್ಣಗೆ ನೊರೆ ಎದ್ದರೆ ಕೆಲಸ ನಡೆಯುತ್ತಿದೆ. ಶಾಂಪೂ ನೀರಲ್ಲಿ ಒರೆಸಿ, ಬೇಕಾದರೆ ಎರಡು ಮೂರು ಸಲ ಮಾಡಿ. ಹನಿಯ ಅಂಚಿನ ಉಂಗುರ ಆಮೇಲೂ ಕಂಡರೆ ಅದು ಕಲೆಯಲ್ಲ, ತಗ್ಗು. ಅದನ್ನು ಹಾಗೇ ಬಿಟ್ಟು ಕಾರಿನ ಜಾಗ ಬದಲಿಸಲು ಹೇಳಿ.

ಹಳೆಯ ಪೂಜೆಯ ಗುರುತುಗಳನ್ನೂ ಅವಸರದಲ್ಲಿ ಮುಟ್ಟಬಾರದು. ಬಂಪರಿನ ಕಪ್ಪು ಪ್ಲಾಸ್ಟಿಕ್ಕಿನಲ್ಲೋ ಬಿಳಿ ಕಾರಿನ ಬಾಗಿಲ ಸಂದಿಯಲ್ಲೋ ಉಳಿದ ಅರಿಸಿನಕ್ಕೆ ಆಲ್-ಪರ್ಪಸ್ ಕ್ಲೀನರ್ ಹೊಡೆದರೆ ಹಳದಿ ಹೋಗಿ ಕೆಂಪಾಗುತ್ತದೆ. ಕ್ಲೀನರ್ ಕ್ಷಾರ, ಅರಿಸಿನ ಕ್ಷಾರಕ್ಕೆ ಕೆಂಪಾಗುವ ವಸ್ತು. ಮನೆಯಲ್ಲಿ ಅರಿಸಿನಕ್ಕೆ ಸುಣ್ಣ ಕಲಸಿ ಕುಂಕುಮ ಮಾಡುವುದೂ ಇದೇ ಗುಣದಿಂದ. ಗಾಬರಿ ಬೇಡ, ಪಿಎಚ್ ಸಮತೋಲನದ ಶಾಂಪೂವಿನಲ್ಲಿ ತೊಳೆದು ಎರಡು ದಿನ ಬಿಸಿಲಿಗೆ ನಿಲ್ಲಿಸಿ, ಅರಿಸಿನದ ಬಣ್ಣ ಬೆಳಕಿಗೆ ತಾನಾಗಿ ಮಾಸುತ್ತದೆ. ಅಂಗಡಿಯ ಬಣ್ಣ ಬೆರೆತ ಕುಂಕುಮ ಹಾಗಲ್ಲ, ಅದು ಪ್ಲಾಸ್ಟಿಕ್ಕಿಗೆ ಇಳಿದರೆ ಹೋಗುವುದು ಅನುಮಾನ. ಹಾಗಾಗಿ ಈ ಸಲ ಪೂಜೆಗೆ ಮುಂಚೆಯೇ ವ್ಯಾಕ್ಸ್ ಅಥವಾ ಸೀಲಂಟ್ ಹಚ್ಚಿರಬೇಕು. ಚೆಂಡುಹೂವಿನ ಹಾರವನ್ನು ತಂತಿಯಿಂದಲ್ಲ, ದಾರದಿಂದ ಕಟ್ಟಬೇಕು.

ಮೆಷಿನ್ ಓಡಿಸುವುದೇ ಆದರೆ ಡ್ಯುಯಲ್ ಆಕ್ಷನ್, ಅಂದರೆ ಪ್ಯಾಡ್ ತಿರುಗುತ್ತಲೇ ಓಲಾಡುವ ಮೆಷಿನ್ ಮಾತ್ರ. ರಬ್ಬರ್ ಬೀಡಿಂಗ್, ಕಪ್ಪು ಪ್ಲಾಸ್ಟಿಕ್, ಪ್ಯಾನೆಲ್ಲಿನ ಚೂಪು ಅಂಚುಗಳಿಗೆ ಮಾಸ್ಕಿಂಗ್ ಟೇಪ್ ಹಾಕಿ. ಬಣ್ಣ ಅತಿ ತೆಳುವಾಗಿರುವುದು ಅಂಚಿನಲ್ಲೇ. ಒಂದೂವರೆ ಅಡಿ ಚೌಕ, ಕಡಲೆ ಕಾಳಿನಷ್ಟು ನಾಲ್ಕು ಹನಿ ಪಾಲಿಶ್, ನಿಧಾನವಾಗಿ ನಾಲ್ಕು ಸಲ. ಪ್ಯಾಡಿಗೆ ಕಾರಿನ ಬಣ್ಣವೇ ಅಂಟಿಕೊಂಡು ಬಂದರೆ ಅದಕ್ಕೆ ಕ್ಲಿಯರ್ ಕೋಟ್ ಇಲ್ಲ ಅಥವಾ ಅದು ಮುಗಿದಿದೆ. ಹಳೆಯ ಸಾಲಿಡ್ ಬಿಳಿ ಕಾರುಗಳಲ್ಲಿ ಇದು ಮಾಮೂಲು, ಮಿಕ್ಕವುಗಳಲ್ಲಿ ತಕ್ಷಣ ನಿಲ್ಲಿಸಿ.

ಒಳಗಿನ ಕೆಲಸ ಸುಲಭ ಎಂದು ಎಲ್ಲರೂ ಅಂದುಕೊಳ್ಳುತ್ತಾರೆ, ಹಾಳಾಗುವುದು ಅಲ್ಲೇ. ಡ್ಯಾಶ್‌ಬೋರ್ಡಿನ ಗಣಪತಿಯನ್ನು ಮಾಲೀಕರ ಕೈಯಿಂದಲೇ ತೆಗೆಸಿ. ಡಬಲ್ ಟೇಪ್ ಹಿಡಿದಿದ್ದರೆ ಕೀಳದೆ, ಹೇರ್ ಡ್ರೈಯರಿನಿಂದ ಬೆಚ್ಚಗೆ ಮಾಡಿ ಗಟ್ಟಿ ದಾರವನ್ನು ಅಡಿಯಲ್ಲಿ ಗರಗಸದಂತೆ ಎಳೆಯಬೇಕು. ಇಲ್ಲದಿದ್ದರೆ ಡ್ಯಾಶ್‌ಬೋರ್ಡಿನ ಮೇಲ್ಪದರವೇ ಎದ್ದು ಬರುತ್ತದೆ. ಫಾಸ್ಟ್ಯಾಗ್ ಸುತ್ತ ಬ್ಲೇಡ್ ಆಡಿಸಬೇಡಿ, ಕಿತ್ತರೆ ಮತ್ತೆ ಕೆಲಸ ಮಾಡುವುದಿಲ್ಲ. ಒಣ ವ್ಯಾಕ್ಯೂಮ್ ಮೊದಲು, ನೀರು ಆಮೇಲೆ. ಕ್ಲೀನರನ್ನು ಸೀಟಿಗೆ ಸಿಂಪಡಿಸದೆ ಬ್ರಶ್ಶಿಗೆ ಸಿಂಪಡಿಸಿ. ಸೀಟಿನ ಕೆಳಗಿನ ಹಳದಿ ಕನೆಕ್ಟರ್ ಏರ್‌ಬ್ಯಾಗಿನದ್ದು, ಅದು ನೆನೆಯಬಾರದು. ರೂಫ್ ಲೈನಿಂಗ್ ಬಟ್ಟೆಗೆ ಒದ್ದೆ ಜಾಸ್ತಿಯಾದರೆ ಅಂಟು ಬಿಟ್ಟು ಜೋತುಬೀಳುತ್ತದೆ. ಸ್ಟೇರಿಂಗ್, ಪೆಡಲ್‌ಗೆ ಹೊಳಪಿನ ಡ್ರೆಸ್ಸಿಂಗ್ ಬೇಡವೇ ಬೇಡ, ಕೈಕಾಲು ಜಾರುತ್ತವೆ. ಮುಗ್ಗಲು ವಾಸನೆ ಇದ್ದರೆ ಸುಗಂಧದ ಡಬ್ಬಿ ತರುವ ಬದಲು ಎಸಿ ಹತ್ತು ನಿಮಿಷ ಓಡಿಸಿ ಕಾರಿನ ಕೆಳಗೆ ನೀರು ತೊಟ್ಟಿಕ್ಕುತ್ತದೆಯೇ ನೋಡಿ. ತೊಟ್ಟಿಕ್ಕದೆ ಮುಂದಿನ ಕಾರ್ಪೆಟ್ ಒದ್ದೆ ಇದ್ದರೆ ಡ್ರೈನ್ ಪೈಪ್ ಕಟ್ಟಿದೆ.

ಎಂಜಿನ್ ಕಡೆ ಬ್ರಶ್ ಮತ್ತು ಒದ್ದೆ ಬಟ್ಟೆ ಸಾಕು. ಇಲಿ ಕಡಿದ ವೈರಿನ ಮೇಲೆ ಪ್ರೆಶರ್ ವಾಶರ್ ಬಿಟ್ಟು, ಕಾರು ಸ್ಟಾರ್ಟ್ ಆಗದೆ ಹೋದರೆ ಅದು ನಿಮ್ಮ ತಲೆಗೇ ಬರುತ್ತದೆ.

ಕೊನೆಗೆ ಸೀಲಂಟ್, ನೆರಳಲ್ಲಿ, ತೆಳ್ಳಗೆ, ಡಬ್ಬಿಯಲ್ಲಿ ಹೇಳಿದಷ್ಟು ಹೊತ್ತು ನೀರು ಸೋಕದಂತೆ. ಕೀ ಕೊಡುವಾಗ ಜೊತೆಗೆ ಅರ್ಧ ಡಜನ್ ಬಟ್ಟೆಯನ್ನೂ ಒಂದು ಸಣ್ಣ ಬಾಟಲಿ ರಿನ್ಸ್‌ಲೆಸ್ ವಾಶನ್ನೂ ಕೊಡಿ, ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಬಟ್ಟೆ ಕಟ್ಟಿನ ಲೆಕ್ಕದಲ್ಲಿ ಸಿಗುತ್ತದೆ. ಕಾರು ಒರೆಸುವವರನ್ನು ಭಾವನ ಎದುರೇ ಕರೆದು ತೋರಿಸಿ: ಈ ಕಾರಿಗೆ ಈ ಬಟ್ಟೆ ಮಾತ್ರ, ದಿನಾ ಬೇಡ, ವಾರಕ್ಕೆ ಎರಡು ಸಲ. ಕೂಲಿ ಮಾತ್ರ ಮೊದಲಿನಷ್ಟೇ ಇರಲಿ ಎಂದು ಭಾವನಿಗೂ ಹೇಳಿ. ಕಡಿಮೆ ಮಾಡಿದರೆ ಹಳೆಯ ಬಟ್ಟೆ ಮರುದಿನವೇ ಹಾಜರ್.