ಡಬ್ಲ್ಯುಪಿಯ ಮುಂಗಾಲು

ಮಾಳಿಗೆ ಮೇಲೆ ಹಾಸಿದ ಹಳಿಯ ತಿರುವಿನಲ್ಲಿ ಇಂಜಿನ್ ಮತ್ತೆ ಕೆಳಗಿಳಿಯಿತು. ಬಿದ್ದದ್ದೇನಲ್ಲ. ಮುಂದಿನ ನಾಲ್ಕು ಸಣ್ಣ ಗಾಲಿಗಳು ಹಳಿ ಮೇಲೇ ಇದ್ದವು, ಅವುಗಳ ಹಿಂದಿನ ಮೊದಲ ದೊಡ್ಡ ಗಾಲಿ ಮಾತ್ರ ಅಂಚು ಹತ್ತಿ, ಆಚೆ ಜಾರಿ, ಶಹಾಬಾದ್ ಪರಸಿಯ ಮೇಲೆ ಕಿರ್ರೆಂದಿತು. ಕಾಕಾ ಸ್ವಿಚ್ ಆರಿಸಿ ಮಂಡಿಯೂರಿ ಕೂತು, "ಬಿಹ್ಟಾ ಆಯ್ತು ನೋಡಪಾ" ಅಂದರು.

ಕಲಬುರಗಿಯ ಈ ಮನೆಯಲ್ಲಿ ಆರು ವರ್ಷದಿಂದ ತಯಾರಾಗುತ್ತಿರುವುದು ಡಬ್ಲ್ಯುಪಿ ಎಂಬ ಹಳೆಯ ಉಗಿ ಇಂಜಿನ್ನಿನ ಮಾದರಿ, ಅಸಲಿನ ಹದಿನಾರನೇ ಒಂದು ಪಾಲು. ಟೆಂಡರ್, ಅಂದರೆ ಹಿಂದಿನ ಕಲ್ಲಿದ್ದಲು-ನೀರಿನ ಗಾಡಿ, ಸೇರಿ ಸುಮಾರು ಒಂದೂವರೆ ಮೀಟರ್ ಉದ್ದ. ಉಗಿ ಇಲ್ಲ, ಟೆಂಡರಿನೊಳಗೆ ಕಾರಿನ ವೈಪರ್ ಮೋಟಾರು ಕೂತಿದೆ. ಉಳಿದದ್ದೆಲ್ಲ ತಗಡು, ಹಿತ್ತಾಳೆ, ಲೇತಿನ ಕೆಲಸ. ಕಾಕಾ ನಿವೃತ್ತ ಫಿಟ್ಟರ್. ಚಿಕ್ಕವರಿದ್ದಾಗ ವಾಡಿಯ ಪ್ಲಾಟ್‌ಫಾರ್ಮಿನಲ್ಲಿ ಡಬ್ಲ್ಯುಪಿಗಳು ನೀರು ಹಿಡಿಯುತ್ತಾ ನಿಂತದ್ದನ್ನು ಕಂಡ ನೆನಪು ಅವರಿಗೆ ಇನ್ನೂ ಆರಿಲ್ಲ.

ಹಳಿಯನ್ನೂ ಅವರೇ ಮಾಡಿಕೊಂಡಿದ್ದಾರೆ, ಕಬ್ಬಿಣದ ಪಟ್ಟಿಯಿಂದ. ಅಂಗಡಿಯಲ್ಲಿ ಸಿಗುವ ಮಾದರಿ ಹಳಿಗಳೆಲ್ಲ ಹೆಚ್ಚಾಗಿ ಯುರೋಪು, ಅಮೆರಿಕದ 1,435 ಮಿಲಿಮೀಟರ್ ಅಗಲದ ಲೆಕ್ಕಕ್ಕೆ ಹುಟ್ಟಿದವು. ನಮ್ಮದು 1,676. ಗವರ್ನರ್ ಜನರಲ್ ಡಾಲ್‌ಹೌಸಿ ಆರು ಅಡಿ ಬೇಕೆಂದ, ಲಂಡನ್ನಿನ ಕಂಪನಿ ನಿರ್ದೇಶಕರು ಇಂಗ್ಲೆಂಡಿನ ಅಳತೆಯೇ ಸಾಕೆಂದರು, ಚೌಕಾಸಿ ಐದೂವರೆ ಅಡಿಗೆ ಮುಗಿಯಿತು. ಹದಿನಾರರಿಂದ ಭಾಗಿಸಿದರೆ ಸುಮಾರು 105 ಮಿಲಿಮೀಟರ್. ಆ ಅಳತೆಯ ಹಳಿ ಯಾವ ಅಂಗಡಿಯಲ್ಲೂ ಇಲ್ಲ.

ಅದೇ ಅಗಲದ ಹಳಿ ಹಿಡಿದು ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ ಸೊಲ್ಲಾಪುರ ದಾಟಿ 1870ರಲ್ಲಿ ಕಲಬುರಗಿಗೆ ಬಂತು. ಮರುವರ್ಷ ಯಾದಗಿರಿ ಮೇಲಿಂದ ಹೋಗಿ ರಾಯಚೂರಿನಲ್ಲಿ ಮದ್ರಾಸ್ ರೈಲ್ವೆಯನ್ನು ಕೂಡಿತು. 1874ರಲ್ಲಿ ನಿಜಾಮರ ರೈಲು ಸಿಕಂದರಾಬಾದಿನಿಂದ ವಾಡಿಗೆ ಬಂದು ಸೇರಿದ ಮೇಲೆ ವಾಡಿ ಜಂಕ್ಷನ್ನಾಯಿತು. ಮುಂಬಯಿ, ಮದ್ರಾಸ್, ಹೈದರಾಬಾದ್ ಮೂರೂ ದಿಕ್ಕಿನ ಗಾಡಿಗಳು ಈ ಬಿಸಿಲ ನಾಡಿನಲ್ಲಿ ಹಾಯತೊಡಗಿದವು.

ಗಾಡಿಗಳು ಭಾರವಾದವು, ಕಲ್ಲಿದ್ದಲು ಮಾತ್ರ ಸುಧಾರಿಸಲಿಲ್ಲ. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಬೂದಿ ಜಾಸ್ತಿ. ಅದು ಚೆನ್ನಾಗಿ ಉರಿಯಬೇಕಾದರೆ ಬೆಂಕಿಗೂಡು ಅಗಲವಿರಬೇಕು. ಗೂಡು ಅಗಲವಾದರೆ ಎರಡು ದೊಡ್ಡ ಗಾಲಿಗಳ ನಡುವೆ ಹಿಡಿಸುವುದಿಲ್ಲ. ಅದನ್ನು ಹಿಂದಕ್ಕೆ ತಳ್ಳಿ, ಕೆಳಗೆ ಇನ್ನೊಂದು ಜೋಡಿ ಸಣ್ಣ ಗಾಲಿ ಕೊಡಬೇಕು. ಮುಂದೆ ನಾಲ್ಕು ಸಣ್ಣವು, ನಡುವೆ ಆರು ದೊಡ್ಡವು, ಹಿಂದೆ ಎರಡು ಸಣ್ಣವು: ರೈಲ್ವೆಯವರು ಇದಕ್ಕೆ ಪೆಸಿಫಿಕ್ ಅನ್ನುತ್ತಾರೆ. 1920ರ ದಶಕದಲ್ಲಿ ದೇಶಕ್ಕೆಲ್ಲ ಒಂದೇ ನಮೂನೆ ಇರಲಿ ಎಂದು ಮಾಡಿಸಿದ ಪ್ಯಾಸೆಂಜರ್ ಇಂಜಿನ್ನುಗಳು ಇವೇ, ಎಕ್ಸ್‌ಎ, ಎಕ್ಸ್‌ಬಿ, ಎಕ್ಸ್‌ಸಿ ಅಂತ ಮೂರು ತೂಕದವು.

ಅವುಗಳಲ್ಲಿ ಎಕ್ಸ್‌ಬಿಗೆ ಒಂದು ಕೆಟ್ಟ ಚಾಳಿ ಇತ್ತು. ವೇಗ ಹಿಡಿದರೆ ಮೂತಿ ಎಡಕ್ಕೂ ಬಲಕ್ಕೂ ಹೊಯ್ದಾಡುತ್ತಿತ್ತು. ದೂರುಗಳು ಬಂದವು, ವೇಗ ಕಡಿಮೆ ಮಾಡಿ ಎಂಬ ಆದೇಶಗಳು ಬಂದವು, ಇಂಜಿನ್ನುಗಳು ಓಡುತ್ತಲೇ ಇದ್ದವು. 1937ರ ಜುಲೈ 17ರ ನಸುಕಿನಲ್ಲಿ ಬಿಹಾರದ ಬಿಹ್ಟಾ ಬಳಿ, ಹೌರಾ ಕಡೆ ಹೊರಟಿದ್ದ ಎಕ್ಸ್‌ಪ್ರೆಸ್ಸೊಂದು ಎಕ್ಸ್‌ಬಿ ಸಮೇತ ಹಳಿ ಬಿಟ್ಟಿತು. ಸತ್ತವರು ನೂರಕ್ಕೂ ಹೆಚ್ಚು.

ಆಮೇಲಾದದ್ದು ಎಲ್ಲ ಇಲಾಖೆಗಳಲ್ಲೂ ಆಗುವ ಜಗಳವೇ. ಹಳಿಯವರು ಇಂಜಿನ್ ಕೆಟ್ಟದ್ದೆಂದರು, ಇಂಜಿನ್‌ನವರು ಹಳಿ ಸಡಿಲವೆಂದರು. ಕೊನೆಗೆ ಅಲನ್ ಮೌಂಟ್ ಅಧ್ಯಕ್ಷತೆಯಲ್ಲಿ ಪೆಸಿಫಿಕ್ ಲೋಕೊಮೋಟಿವ್ ಕಮಿಟಿ ಕೂತಿತು. ಇಂಗ್ಲೆಂಡಿನ ಹೆಸರಾಂತ ಇಂಜಿನ್ ತಜ್ಞ ವಿಲಿಯಂ ಸ್ಟಾನಿಯರ್ ಅದರ ಸದಸ್ಯ. 1939ರ ಹೊತ್ತಿಗೆ ವರದಿ ಬಂತು. ತಿದ್ದಬೇಕಾದ ಮುಖ್ಯ ಜಾಗಗಳಲ್ಲೊಂದು ಇಂಜಿನ್ನಿನ ಮುಂಗಾಲು, ಅಂದರೆ ಮುಂದಿನ ಬೋಗಿ.

ನಮಗೆಲ್ಲ ಬೋಗಿ ಅಂದರೆ ಮಂದಿ ಕೂಡುವ ಡಬ್ಬಿ. ಕಾಕಾನಂಥವರಿಗೆ ಬೋಗಿ ಅಂದರೆ ಡಬ್ಬಿಯ ಅಥವಾ ಇಂಜಿನ್ನಿನ ಕೆಳಗೆ ತಾನೇ ತಿರುಗುವ ಗಾಲಿ ಚೌಕಟ್ಟು. ಡಬ್ಬಿಗೆ ಬೋಗಿ ಅಂದವರನ್ನು ಅವರು ಇವತ್ತಿಗೂ ತಿದ್ದುತ್ತಾರೆ, ನನ್ನನ್ನೂ ಸೇರಿಸಿ.

ಈ ಚೌಕಟ್ಟು ಭಾರ ಹೊರುವುದಕ್ಕಿಂತ ದಾರಿ ತೋರುವುದಕ್ಕೆ ಇರುವಂಥದ್ದು. ತಿರುವು ಬಂದಾಗ ಅದು ಪಕ್ಕಕ್ಕೆ ಸರಿಯುತ್ತದೆ. ಸರಿಯುವಾಗ ಎರಡು ಬದಿಯ ಸ್ಪ್ರಿಂಗು ಅದನ್ನು ತಡೆದು ನಡುವಿಗೆ ದೂಡುತ್ತವೆ. ಆ ದೂಡುವಿಕೆಯೇ ಇಂಜಿನ್ನಿನ ಮೂತಿಯನ್ನು ತಿರುವಿನೊಳಗೆ ಎಳೆದು ತರುವುದು. ನೇರ ಹಾದಿಯಲ್ಲಿ ಮೂತಿ ತೂಗಾಡದಂತೆ ಹಿಡಿಯುವುದೂ ಅದೇ. ಸ್ಪ್ರಿಂಗ್ ಮೆತ್ತಗಾದರೆ ಬೋಗಿ ತನ್ನ ಪಾಡಿಗೆ ತಾನು ಹಳಿ ಹಿಡಿದು ಹೋಗುತ್ತದೆ, ಮೇಲಿನ ಭಾರಿ ದೇಹ ಹೊಯ್ದಾಡಿ ಹಳಿಯನ್ನೇ ಪಕ್ಕಕ್ಕೆ ಒದೆಯುತ್ತದೆ. ಎಕ್ಸ್‌ಬಿಯದು ಇದೇ ಕಥೆ.

ಕಾಕಾನ ಮಾದರಿಯದೂ ಇದೇ. ಮೊದಲು ಹಾಕಿದ್ದು ಬಾಲ್‌ಪೆನ್ನಿನ ಸ್ಪ್ರಿಂಗು. ನಾನು ಕಂಡದ್ದು ಅದರ ಫಲ. ಇಂಜಿನ್ ಅಂಗಾತ ಮಾಡಿ, ಹಳೆಯ ಸ್ಕೂಟರಿನ ಕಾರ್ಬೊರೇಟರಿನಿಂದ ತೆಗೆದ ಸ್ಪ್ರಿಂಗನ್ನು ತುಂಡರಿಸಿ ಹಾಕಿದರು. ಈಗ ಬೋಗಿಯೇ ಹಳಿ ಬಿಟ್ಟಿತು, ಅಷ್ಟು ಬಿಗಿ. ಒತ್ತು ಇಳಿಸಲು ಒಂದು ಸುತ್ತು ಕತ್ತರಿಸಿದರು, ಓಡಿಸಿದರು, ಇನ್ನೊಂದು ಸುತ್ತು ಕತ್ತರಿಸಿದರು, ಮತ್ತೆ ಓಡಿಸಿದರು. ಮಧ್ಯಾಹ್ನ ಪೂರ್ತಿ ಹೀಗೇ ಹೋಯಿತು.

ಬಿಹ್ಟಾದ ಪಾಠ ಕಲಿತ ಮೇಲೆ ಯುದ್ಧ ಬಂತು. ಯುದ್ಧಕಾಲದಲ್ಲಿ ಅಮೆರಿಕದಿಂದ ಬಂದ ಗೂಡ್ಸ್ ಇಂಜಿನ್ನುಗಳು ಗಟ್ಟಿಮುಟ್ಟು, ರಿಪೇರಿಗೆ ಸುಲಭ. ಆ ಮೈಕಟ್ಟು, ಕಮಿಟಿಯ ತಿದ್ದುಪಡಿ, ಬೆಂಕಿಗೂಡಿನ ತಳಕ್ಕೆ 46 ಚದರಡಿಯ ಜಾಲಿ ಕೂಡಿ ಹುಟ್ಟಿದ್ದು ಡಬ್ಲ್ಯುಪಿ. ಡಬ್ಲ್ಯು ಅಂದರೆ ಅಗಲ ಹಳಿಯದು, ಪಿ ಅಂದರೆ ಪ್ಯಾಸೆಂಜರ್. ಮೊದಲ 16 ಇಂಜಿನ್ನುಗಳನ್ನು 1947ರಲ್ಲಿ ಅಮೆರಿಕದ ಬಾಲ್ಡ್‌ವಿನ್ ಕಾರ್ಖಾನೆ ಮಾಡಿ ಕಳಿಸಿತು. ಆಮೇಲೆ ಕೆನಡಾ, ಪೋಲೆಂಡ್, ಆಸ್ಟ್ರಿಯಾದಲ್ಲೂ ತಯಾರಾದವು. 1963ರಿಂದ ನಮ್ಮ ಚಿತ್ತರಂಜನ್ ಕಾರ್ಖಾನೆಯಲ್ಲಿ. 1967ಕ್ಕೆ ನಿಲ್ಲುವಾಗ ಒಟ್ಟು 755.

ಆದರೆ ಮಂದಿಗೆ ಅದರ ಬೋಗಿ ಯಾಕೆ ಬೇಕು? ಡಬ್ಲ್ಯುಪಿ ಅಂದರೆ ಬಂದೂಕಿನ ಗುಂಡಿನಂತೆ ಚಾಚಿದ ಮೂತಿ, ಅದರ ನಡುವೆ ದೀಪ, ಸುತ್ತ ಬೆಳ್ಳಿಬಣ್ಣದ ನಕ್ಷತ್ರ. ನಿಜ ಹೇಳಬೇಕೆಂದರೆ ಆ ಮೂತಿಯಿಂದ ಓಟಕ್ಕೆ ಹೇಳಿಕೊಳ್ಳುವಂಥ ಲಾಭವೇನಿಲ್ಲ, ಅದು ಚೆಂದಕ್ಕೆ. "ಮಾರಿ ನೋಡಿ ಮಂದಿ ಮರುಳಾಗ್ತಾರ, ಕಾಲು ಯಾರೂ ನೋಡಂಗಿಲ್ಲ" ಅನ್ನುವುದು ಕಾಕಾನ ದೂರು.

ದೂರಿದರೂ ಮಾರಿಗೆ ಅವರು ಪಟ್ಟ ಪಾಡು ಕಡಿಮೆಯದಲ್ಲ. ತಗಡು ಬಡಿದು ಎರಡು ಸಲ ಕೆಡಿಸಿದ ಮೇಲೆ ಬೀದರಿಗೆ ಹೋಗಿ ಬಿದ್ರಿ ಕೆಲಸದವರೊಬ್ಬರ ಮುಂದೆ ಕೂತರು. ಅವರು ಸತುವಿಗೆ ಚೂರು ತಾಮ್ರ ಬೆರೆಸಿ, ಮಣ್ಣಿನ ಅಚ್ಚಿನಲ್ಲಿ ಎರಕ ಹೊಯ್ದು, ಅರ ಉಜ್ಜಿ, ನಕ್ಷತ್ರದ ಒಂದೊಂದು ಕಿರಣವನ್ನೂ ಉಳಿಯಿಂದ ಕೊರೆದು ಬೆಳ್ಳಿ ತಂತಿ ಬಡಿದು ಕೂರಿಸಿದರು. ಕೊನೆಗೆ ಬೀದರ ಕೋಟೆಯ ಮಣ್ಣು, ನವಸಾಗರದ ಉಪ್ಪು ಕಲಸಿದ ನೀರಿನಲ್ಲಿ ತಿಕ್ಕಿದಾಗ ಎರಕ ಮಾತ್ರ ಕಪ್ಪಾಯಿತು, ಬೆಳ್ಳಿ ಬೆಳ್ಳಗೇ ಉಳಿಯಿತು. ಶೆಡ್ಡಿನಲ್ಲಿ ಬಣ್ಣ ಬಳಿದು ಮಾಡುತ್ತಿದ್ದುದನ್ನು ಬೀದರಿನ ಮಣ್ಣು ತಾನೇ ಮಾಡಿಕೊಟ್ಟಿತು. 2017ರಲ್ಲಿ ಶುರುವಾದ ಬೀದರ್–ಕಲಬುರಗಿ ರೈಲು ಮಾರ್ಗದಲ್ಲಿ, ಹುಮನಾಬಾದ್ ಮೇಲಿಂದ, ತೊಡೆಯ ಮೇಲಿಟ್ಟುಕೊಂಡು ಅದನ್ನು ತಂದರು. ಅಂಗೈ ಮೇಲೆ ಇಟ್ಟರೆ ಬಿದ್ರಿ ಬಟ್ಟಲಿನಷ್ಟೇ ದೊಡ್ಡದು, ಭಾರ ಮಾತ್ರ ಅಂದಾಜಿಗೂ ಮೀರಿ.

ಅಸಲಿ ಡಬ್ಲ್ಯುಪಿಗಳ ಕಾಲ ಡೀಸೆಲ್, ಕರೆಂಟು ಬಂದು ಮುಗಿಯಿತು. ಅಗಲ ಹಳಿಯ ಕೊನೆಯ ದೈನಂದಿನ ಉಗಿಗಾಡಿ 1995ರ ಡಿಸೆಂಬರ್ 6ರಂದು ಪಂಜಾಬಿನಲ್ಲಿ ಓಡಿ ನಿಂತಿತು, ಅದನ್ನೆಳೆದದ್ದು ಡಬ್ಲ್ಯುಪಿಯಲ್ಲ, ಡಬ್ಲ್ಯುಎಲ್ ಎಂಬ ಇನ್ನೊಂದು ನಮೂನೆಯ ಇಂಜಿನ್. 1947ರ ಬಾಲ್ಡ್‌ವಿನ್ ಇಂಜಿನ್ನುಗಳಲ್ಲೊಂದು, ಆಜಾದ್ ಹೆಸರಿನ 7200, ಹರಿಯಾಣದ ರೇವಾಡಿ ಶೆಡ್ಡಿನಲ್ಲಿದೆ.

ಬೀದರಿನ ಮೂತಿ ಇನ್ನೂ ಇಂಜಿನ್ನಿಗೆ ಏರಿಲ್ಲ. ಹಳೆಯ ಪೇಪರಿನಲ್ಲಿ ಸುತ್ತಿ ಕಪಾಟಿನಲ್ಲಿಟ್ಟಿದ್ದಾರೆ. ನೂರು ಸುತ್ತು ಹಳಿ ಬಿಡದೆ ಓಡಿದ ಮೇಲೇ ಹಚ್ಚುವುದು ಎಂಬ ಹಟ. ಅವತ್ತು ಸಂಜೆ ಕಾಕಿ ಚಹಾ ತರುವಷ್ಟರಲ್ಲಿ ನಲವತ್ತೊಂದು ಆಗಿತ್ತು. ಕಾಕಾ ಕಪ್ಪು ಮುಟ್ಟಲಿಲ್ಲ, ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಇನ್ನೊಂದು ಗೆರೆ ಎಳೆದರು.