ರೀಬೂಟ್ ಆದಮೇಲೆ ಹಾರ್ಡ್ ಡಿಸ್ಕ್ ಹೆಸರು ಯಾಕೆ ಬದಲಾಗುತ್ತದೆ?

ಉಡುಪಿ ಸುತ್ತಮುತ್ತ ಯಕ್ಷಗಾನವನ್ನು ರಾತ್ರಿಯಿಡೀ ರೆಕಾರ್ಡ್ ಮಾಡುವವರು ತುಂಬಾ ಜನ ಇದ್ದಾರೆ. ಪತ್ತನಾಜೆಗೆ, ಅಂದರೆ ಮೇ ಕೊನೆಗೆ, ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚುವ ಹೊತ್ತಿಗೆ ಅವರ ಡಿಸ್ಕುಗಳೂ ತುಂಬಿರುತ್ತವೆ. ಅಂಥವರೊಬ್ಬರ ಲಿನಕ್ಸ್ ಕಂಪ್ಯೂಟರ್ ಇದೆ ಅಂದುಕೊಳ್ಳಿ. ಅದರಲ್ಲಿ ನಾಲ್ಕು ಟಿಬಿಯ ಎರಡು ಡಿಸ್ಕ್: ಲಿನಕ್ಸ್ ಎಸ್‌ಡಿಬಿ ಅಂತ ಕರೆಯುವುದರಲ್ಲಿ ಅಸಲು, ಎಸ್‌ಡಿಸಿ ಅಂತ ಕರೆಯುವುದರಲ್ಲಿ ಬ್ಯಾಕಪ್. ಆಟಿ ತಿಂಗಳ ಮಳೆಗೆ ಕರೆಂಟ್ ಹೋಗಿ, ಯುಪಿಎಸ್ ಕೂಡ ಕೈಕೊಟ್ಟು, ಬೆಳಿಗ್ಗೆ ಮೆಷಿನ್ ಮತ್ತೆ ಆನ್ ಆದಾಗ ಈ ಎರಡು ಹೆಸರುಗಳೂ ಅದಲುಬದಲಾಗಿವೆ. ರಾತ್ರಿ ತಾನಾಗಿ ಓಡುವ ಬ್ಯಾಕಪ್ ಸ್ಕ್ರಿಪ್ಟಿಗೆ ಅದು ಗೊತ್ತಾಗುವುದಾದರೂ ಹೇಗೆ? ಹಳೇ ಪ್ರತಿಯನ್ನು ಹೊಸದರ ಮೇಲೆ ಬರೆದು, ಎಲ್ಲ ಸರಿ ಇದೆ ಅಂತ ವರದಿ ಕೊಟ್ಟು ಮಲಗುತ್ತದೆ.

ಡಿಸ್ಕ್ ಹಾಳಾಗಿಲ್ಲ, ಲಿನಕ್ಸ್ ಕೂಡ ಕೆಟ್ಟಿಲ್ಲ. ಎಸ್‌ಡಿಎ, ಎಸ್‌ಡಿಬಿ ಅನ್ನುವುದು ಬರೀ ಸರದಿ. ಲಿನಕ್ಸಿನ ತಿರುಳಾದ ಕರ್ನೆಲ್‌ಗೆ ಮೊದಲು ಕಂಡದ್ದು ಎ, ಆಮೇಲೆ ಕಂಡದ್ದು ಬಿ, ಅಷ್ಟೇ. ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್ ಸ್ಟ್ಯಾಂಡಿನಲ್ಲಿ "ಸಾಲಲ್ಲಿ ಎರಡನೇ ಬಸ್ಸು ಹತ್ತಿ" ಅಂತ ನೆಂಟರಿಗೆ ಫೋನಲ್ಲಿ ಹೇಳಿದರೆ ಅವರು ಎಲ್ಲಿಗೆ ಹೋಗಿ ಇಳಿಯುತ್ತಾರೋ ಯಾರಿಗೆ ಗೊತ್ತು! ಬಸ್ಸಿನ ಹಣೆ ಮೇಲಿನ ಹೆಸರು ಹೇಳಬೇಕು, ಇಲ್ಲಾ ಕೆಎ-19ರಿಂದ ಶುರುವಾಗುವ ನಂಬರ್ ಹೇಳಬೇಕು.

ಹಿಂದೆ ಈ ರಗಳೆ ಇಷ್ಟಿರಲಿಲ್ಲ. ಅಗಲ ಕೇಬಲ್ಲಿನ ಐಡಿಇ ಡಿಸ್ಕುಗಳ ಕಾಲದಲ್ಲಿ ಎಚ್‌ಡಿಎ ಅಂದರೆ ಮೊದಲ ಕೇಬಲ್ಲಿನ ಮಾಸ್ಟರ್ (ಅದರ ಎರಡು ಡಿಸ್ಕುಗಳಲ್ಲಿ ಮೊದಲನೆಯದು), ಎಚ್‌ಡಿಸಿ ಅಂದರೆ ಎರಡನೇ ಕೇಬಲ್ಲಿನ ಮಾಸ್ಟರ್; ನಡುವೆ ಬಿ ಇಲ್ಲದಿದ್ದರೂ ಸಿ ಸಿಯೇ. ಆಮೇಲೆ ಡಿಸ್ಕ್ ಜೋಡಿಸಲು ಸಾಟಾ ಬಂತು, ಯುಎಸ್‌ಬಿ ಬಂತು, ಎರಡನ್ನೂ ಲಿನಕ್ಸ್ ಸ್ಕಸಿ ಅನ್ನುವ ತನ್ನ ಹಳೇ ಡಿಸ್ಕ್ ವ್ಯವಸ್ಥೆಯ ಮೂಲಕವೇ ನೋಡಿಕೊಳ್ಳತೊಡಗಿತು, ಹಾಗಾಗಿ ಪೆನ್‌ಡ್ರೈವ್, ಎಸ್‌ಎಸ್‌ಡಿ, ಹಾರ್ಡ್ ಡಿಸ್ಕ್ ಎಲ್ಲ ಒಂದೇ ಸಾಲಿನಲ್ಲಿ ನಿಂತವು. ಎಸ್‌ಎಸ್‌ಡಿ ಕರೆದ ತಕ್ಷಣ ಓ ಅನ್ನುತ್ತದೆ. ತಿರುಗುವ ಡಿಸ್ಕ್ ವೇಗ ಹಿಡಿಯಲು ಕೆಲವು ಸೆಕೆಂಡ್ ಬೇಕು. ಬೂಟ್ ಬೇಗ ಆಗಲಿ ಅಂತ ಈಗಿನ ಕರ್ನೆಲ್ ಹಲವು ಡ್ರೈವ್‌ಗಳನ್ನು ಒಟ್ಟಿಗೇ ಹುಡುಕುವುದರಿಂದ ಯಾರು ಮೊದಲು ಉತ್ತರಿಸುತ್ತಾರೆ ಅನ್ನುವುದಕ್ಕೆ ಗ್ಯಾರಂಟಿ ಇಲ್ಲ.

ಇದಕ್ಕೆ ಪರಿಹಾರ ಬಂದು ಎಷ್ಟೋ ಕಾಲವಾಯಿತು. ಗ್ರೆಗ್ ಕ್ರೋ-ಹಾರ್ಟ್‌ಮನ್ 2003ರಲ್ಲಿ ಪರಿಚಯಿಸಿದ ಯುಡೆವ್ ಅನ್ನುವ ಪ್ರೋಗ್ರಾಂ, ಡಿಸ್ಕ್ ಕಂಡ ಕೂಡಲೇ ಅದಕ್ಕೆ ಇನ್ನಷ್ಟು ಹೆಸರು ಇಡುತ್ತದೆ. ಡೆವ್ ಫೋಲ್ಡರಿನೊಳಗಿನ ಡಿಸ್ಕ್ ಫೋಲ್ಡರ್ ತೆರೆದು ನೋಡಿ: ಬೈ-ಯುಯುಐಡಿ, ಬೈ-ಲೇಬಲ್, ಬೈ-ಐಡಿ, ಬೈ-ಪಾತ್. ಎಲ್ಲವೂ ಕೊನೆಗೆ ಅದೇ ಎಸ್‌ಡಿಎ, ಎಸ್‌ಡಿಬಿಗೆ ದಾರಿ ತೋರಿಸುವ ಲಿಂಕುಗಳು.

ಇವುಗಳಲ್ಲಿ ಯಾವುದನ್ನು ಹಿಡಿಯಬೇಕು? ನಿಮಗೆ ಬದಲಾಗಬಾರದ್ದು ಯಾವುದು ಅಂತ ಮೊದಲು ಕೇಳಿಕೊಳ್ಳಿ. ಡೇಟಾ ಮುಖ್ಯ ಅಂದರೆ ಯುಯುಐಡಿ. ಇದು 128 ಬಿಟ್‌ನ ಸಂಖ್ಯೆ, ಫಾರ್ಮ್ಯಾಟ್ ಮಾಡುವಾಗ ಫೈಲ್ ಸಿಸ್ಟಮ್ (ಡಿಸ್ಕಿನಲ್ಲಿ ಫೈಲುಗಳನ್ನು ಜೋಡಿಸಿಡುವ ವ್ಯವಸ್ಥೆ) ಒಳಗೇ ಬರೆದಿರುತ್ತದೆ. ಡಿಸ್ಕನ್ನು ಬಿಚ್ಚಿ ಮಂಗಳೂರಿನ ಗೆಳೆಯನ ಕಂಪ್ಯೂಟರಿಗೆ ಹಾಕಿದರೂ ಅದೇ ನಂಬರ್. ಆದರೆ ಮತ್ತೆ ಫಾರ್ಮ್ಯಾಟ್ ಮಾಡಿದರೆ ಹೊಸದು ಬರುತ್ತದೆ. ಕ್ಯಾಮೆರಾದ ಕಾರ್ಡಿಗೆ ಇದನ್ನು ನಂಬಬೇಡಿ, ಯಕ್ಷಗಾನದ ಆಟಕ್ಕೊಮ್ಮೆ ಫಾರ್ಮ್ಯಾಟ್ ಆಗುತ್ತಲೇ ಇರುತ್ತದಲ್ವಾ. ಅಲ್ಲಿ ಯಾವ ಪೋರ್ಟಿಗೆ ಚುಚ್ಚಿದ್ದೀರಿ ಅಂತ ನೋಡುವ ಬೈ-ಪಾತ್ ವಾಸಿ.

ಡಿಸ್ಕನ್ನು ಇಡಿಯಾಗಿ ಕ್ಲೋನ್ ಮಾಡಿದಾಗ ಬರುವ ಫಜೀತಿ ಬೇರೆ. ಡಿಸ್ಕನ್ನು ಇದ್ದ ಹಾಗೇ ನಕಲಿಸುವ ಡಿಡಿ ಕಮಾಂಡ್ ಯುಯುಐಡಿಯನ್ನೂ ನಕಲು ಮಾಡುತ್ತದೆ, ಒಂದೇ ನಂಬರಿನ ಎರಡು ಡಿಸ್ಕ್ ಪಕ್ಕಪಕ್ಕ ಕೂರುತ್ತವೆ, ಲಿಂಕ್ ಯಾವುದಕ್ಕೆ ಹೋಗುತ್ತದೋ ಹೇಳಲಾಗದು. ಫೈಲ್ ಸಿಸ್ಟಮ್ ಎಕ್ಸ್‌ಎಫ್‌ಎಸ್ ಆದರೆ ಎರಡನೆಯದನ್ನು ಮೌಂಟ್ ಮಾಡಲು, ಅಂದರೆ ಬಳಕೆಗೆ ಜೋಡಿಸಲು, ಒಪ್ಪುವುದೇ ಇಲ್ಲ. ಇದು ಒಳ್ಳೇದೇ. ಇಎಕ್ಸ್‌ಟಿ4 ಅನ್ನುವ ಫೈಲ್ ಸಿಸ್ಟಮ್ ಸುಮ್ನೆ ಒಪ್ಪಿಕೊಳ್ಳುತ್ತದೆ, ಹಾಗಾಗಿ ಟ್ಯೂನ್2ಎಫ್‌ಎಸ್ ಕಮಾಂಡ್ ಬಳಸಿ ನಕಲಿಗೆ ಹೊಸ ನಂಬರ್ ಕೊಡಬೇಕು.

ನನಗೆ ಲೇಬಲ್, ಅಂದರೆ ನಾವೇ ಇಡುವ ಹೆಸರು, ಇಷ್ಟ, ಓದಲು ಬರುತ್ತದೆ. ಇಎಕ್ಸ್‌ಟಿ4ನಲ್ಲಿ 16 ಇಂಗ್ಲಿಷ್ ಅಕ್ಷರದವರೆಗೆ ಇಡಬಹುದು, ಎಕ್ಸ್‌ಎಫ್‌ಎಸ್‌ನಲ್ಲಿ 12. ಆದರೆ ಎರಡು ಡಿಸ್ಕಿಗೂ "ಬ್ಯಾಕಪ್" ಅಂತಲೇ ಇಟ್ಟರೆ ಮತ್ತೆ ಅದೇ ಕಥೆ.

ಡಿಡಿ, ಫಾರ್ಮ್ಯಾಟ್ ಮುಂತಾದ ಅಳಿಸುವ ಕೆಲಸಕ್ಕೆ ಮಾತ್ರ ಬೈ-ಐಡಿಯೇ ಬೇಕು. ಅದರಲ್ಲಿ ಮಾಡೆಲ್ ಮತ್ತು ಸೀರಿಯಲ್ ನಂಬರ್ ಇರುತ್ತದೆ, ಡಿಸ್ಕಿನ ಮೇಲೆ ಅಂಟಿಸಿರುವ ಚೀಟಿಗೆ ತಾಳೆ ನೋಡಬಹುದು. ಅಗ್ಗದ ಯುಎಸ್‌ಬಿ ಡಾಕ್‌ಗಳು ಕೆಲವೊಮ್ಮೆ ಡಿಸ್ಕಿನ ಸೀರಿಯಲ್ ಮುಚ್ಚಿಟ್ಟು ತಮ್ಮದೇ ನಂಬರ್ ತೋರಿಸುತ್ತವೆ, ಅದೊಂದು ನೋಡಿಕೊಳ್ಳಿ.

ಬೂಟ್ ಆಗುವಾಗ ಯಾವ ಡಿಸ್ಕ್ ಎಲ್ಲಿ ಮೌಂಟ್ ಆಗಬೇಕು ಅಂತ ಹೇಳುವ ಎಫ್‌ಎಸ್‌ಟ್ಯಾಬ್ ಫೈಲಿನಲ್ಲಿ ಯುಯುಐಡಿ ಬರೆಯುವಾಗ, ಯಾವಾಗಲೂ ಚುಚ್ಚಿರದ ಡಿಸ್ಕಿಗೆ ನೋಫೇಲ್ ಅನ್ನುವ ಆಯ್ಕೆ ಸೇರಿಸಿ. ಇಲ್ಲದಿದ್ದರೆ ಬೂಟ್ ಕೆಲಸ ನಡೆಸುವ ಸಿಸ್ಟಮ್‌ಡಿ ಆ ಡಿಸ್ಕಿಗಾಗಿ 90 ಸೆಕೆಂಡ್ ಕಾದು, ಬಾರದಿದ್ದರೆ ಎಮರ್ಜೆನ್ಸಿ ಮೋಡ್‌ನ ಕಪ್ಪು ಪರದೆ ತೋರಿಸುತ್ತದೆ. ಬರೆದಾದ ಮೇಲೆ ರೀಬೂಟ್ ಮಾಡುವ ಮೊದಲೇ ಫೈಂಡ್‌ಮೌಂಟ್ ಕಮಾಂಡಿನ ವೆರಿಫೈ (findmnt --verify) ಓಡಿಸಿ. ನಂಬರಿನಲ್ಲಿ ಒಂದಂಕಿ ತಪ್ಪಿದ್ದರೂ ಆಗಲೇ ಹೇಳುತ್ತದೆ.